ಗಡಿಕಲ್ಲಿನಿಂದ ವೇ ಬ್ರಿಡ್ಜ್‌ವರೆಗೆ: ಗಣಿ ಮತ್ತು ಕ್ವಾರಿ ಪರವಾನಗಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಬಳಿ ಅರ್ಜಿ ಬರೆಸಿಕೊಳ್ಳಲು ಬರುವವರಲ್ಲಿ ಎರಡು ಪಂಗಡ. ಕ್ವಾರಿ ನಡೆಸುವವರು, ಕ್ವಾರಿಯ ಪಕ್ಕದಲ್ಲಿ ಬಾಳುವವರು. ಇಬ್ಬರೂ ಒಂದೇ ದಿನ ಬಂದರೆ ಒಬ್ಬರನ್ನು ಜಗುಲಿಯ ಮೇಲೆ, ಇನ್ನೊಬ್ಬರನ್ನು ಒಳಗೆ ಕೂರಿಸುವ ಪಾಡು. ಆದರೆ ಇಬ್ಬರೂ ಕೇಳುವ ಪ್ರಶ್ನೆಗಳು ಮುಕ್ಕಾಲು ಪಾಲು ಒಂದೇ. ಕರ್ನಾಟಕಕ್ಕೆ ಅನ್ವಯಿಸುವಂತೆ ಅವಕ್ಕೆ ಇಲ್ಲಿ ಉತ್ತರ ಬರೆದಿದ್ದೇನೆ. ರಾಜಧನದ (ತೆಗೆದ ಖನಿಜಕ್ಕಾಗಿ ಸರ್ಕಾರಕ್ಕೆ ಕಟ್ಟುವ ಪಾಲು) ದರ, ಅರ್ಜಿ ಶುಲ್ಕ, ನಮೂನೆ ಸಂಖ್ಯೆ ಇವೆಲ್ಲ ಆಗಾಗ ಬದಲಾಗುತ್ತವೆ. ಅವನ್ನು ಆಯಾ ಜಿಲ್ಲೆಯ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಕಚೇರಿಯಲ್ಲೇ ಕೇಳಿಕೊಳ್ಳಿ.

ಜಮೀನು ನನ್ನದು, ಪಹಣಿ ನನ್ನ ಹೆಸರಿನಲ್ಲಿದೆ. ನನ್ನ ಹೊಲದ ಬಂಡೆ ಒಡೆಯಲು ಯಾರ ಅಪ್ಪಣೆ ಬೇಕು?

ಸರ್ಕಾರದ ಅಪ್ಪಣೆ ಬೇಕು. ಇದನ್ನು ಹೇಳಿದಾಗಲೆಲ್ಲ ರೈತರ ಮುಖ ಕೆಂಪಾಗುವುದನ್ನು ನೋಡಿದ್ದೇನೆ. ಪಹಣಿ ಹೇಳುವುದು ಮೇಲ್ಮಣ್ಣಿನ ಮಾತನ್ನು. ಜಮೀನು ಮಂಜೂರು ಮಾಡಿದ ಆದೇಶದಲ್ಲಿ ಬೇರೆ ರೀತಿ ಬರೆದಿಲ್ಲವಾದರೆ ನೆಲದಡಿಯ ಖನಿಜದ ಹಕ್ಕು ಸರ್ಕಾರದ್ದು ಎನ್ನುತ್ತದೆ ಕರ್ನಾಟಕ ಭೂಕಂದಾಯ ಕಾಯ್ದೆಯ 70ನೇ ಕಲಂ. ಪಟ್ಟಾದಾರರಿಗೆ ಒಂದು ಅನುಕೂಲವುಂಟು. ಸರ್ಕಾರಿ ಜಮೀನಿನ ಕಲ್ಲನ್ನು ಸಾಮಾನ್ಯವಾಗಿ ಹರಾಜಿನಲ್ಲಿ ಪಡೆಯಬೇಕು, ಪಟ್ಟಾ ಜಮೀನಿನಲ್ಲಾದರೆ ಮಾಲೀಕರೇ ಅಥವಾ ಅವರ ಒಪ್ಪಿಗೆ ಪಡೆದವರೇ ಗುತ್ತಿಗೆಗೆ ಅರ್ಜಿ ಹಾಕಬಹುದು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಎಷ್ಟು ವರ್ಷ, ಎಷ್ಟು ಆಳ, ಕೊನೆಗೆ ಗುಂಡಿ ಯಾರ ಪಾಲು ಎಂಬುದನ್ನು ಬರೆಸಿಕೊಳ್ಳಿ. ಬಾಯಿಮಾತಿನಲ್ಲಿ ಕೊಟ್ಟವರ ಹೊಲಗಳಲ್ಲಿ ಇವತ್ತು ಅರವತ್ತು ಅಡಿ ನೀರು ನಿಂತಿದೆ.

ಗಣಿ ಬೇರೆ, ಕ್ವಾರಿ ಬೇರೆಯೇ?

ಕಾನೂನಿನ ಕಣ್ಣಿನಲ್ಲಿ ಬೇರೆ. ಎರಡಕ್ಕೂ ತಾಯಿಬೇರು 1957ರ ಗಣಿ ಮತ್ತು ಖನಿಜಗಳ (ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯ್ದೆ. ಕಬ್ಬಿಣದ ಅದಿರು, ಮ್ಯಾಂಗನೀಸ್, ಸುಣ್ಣದಕಲ್ಲು, ಚಿನ್ನ ಇವು ಪ್ರಧಾನ ಖನಿಜ, ಇವುಗಳ ನಿಯಮ ಮಾಡುವುದು ಕೇಂದ್ರ. ಕಟ್ಟಡದ ಕಲ್ಲು, ಜಲ್ಲಿ, ಮರಳು, ಸಾಮಾನ್ಯ ಜೇಡಿ, ಗ್ರಾನೈಟ್ ಇವು ಉಪಖನಿಜ. ಇವುಗಳಿಗೆ ನಿಯಮ ಮಾಡುವ ಅಧಿಕಾರ ಕಾಯ್ದೆಯ 15ನೇ ಕಲಂ ಪ್ರಕಾರ ರಾಜ್ಯದ್ದು. ನಮ್ಮಲ್ಲಿ ಅದು 1994ರ ಕರ್ನಾಟಕ ಉಪಖನಿಜ ರಿಯಾಯಿತಿ ನಿಯಮಗಳು. 2015ರ ಫೆಬ್ರವರಿಯಲ್ಲಿ ಇನ್ನೂ 31 ಖನಿಜಗಳನ್ನು ಕೇಂದ್ರ ಸರ್ಕಾರ ಉಪಖನಿಜದ ಪಟ್ಟಿಗೆ ದಾಟಿಸಿತು. ಹಾಗಾಗಿ ಹಳೆಯ ಕಡತ ಹಿಡಿದು ಬರುವವರು ತಮ್ಮ ಖನಿಜ ಈಗ ಯಾವ ಪಟ್ಟಿಯಲ್ಲಿದೆ ಎಂದು ಮೊದಲು ನೋಡಿಕೊಳ್ಳಬೇಕು. ಜಲ್ಲಿ ಕ್ರಷರ್‌ಗೆ ಮತ್ತೊಂದು ಪ್ರತ್ಯೇಕ ಕಾಯ್ದೆ ಇದೆ, 2011ರದ್ದು. ಕ್ವಾರಿ ಗುತ್ತಿಗೆ ಇದ್ದ ಮಾತ್ರಕ್ಕೆ ಕ್ರಷರ್ ತಿರುಗಿಸುವಂತಿಲ್ಲ.

ಮನೆಯ ಪಾಯ ತೆಗೆದ ಮಣ್ಣಿಗೂ ರಾಜಧನ ಕಟ್ಟಬೇಕೇ?

ಆ ಮಣ್ಣನ್ನು ಏನು ಮಾಡಿದಿರಿ ಎಂಬುದರ ಮೇಲೆ ನಿಂತಿದೆ. ರಸ್ತೆ, ಏರಿ, ಕಟ್ಟಡಗಳಿಗೆ ತುಂಬಲು ಅಥವಾ ಮಟ್ಟ ಮಾಡಲು ಬಳಸುವ ಸಾಮಾನ್ಯ ಮಣ್ಣನ್ನು 2000ದ ಫೆಬ್ರವರಿಯಲ್ಲೇ ಉಪಖನಿಜ ಎಂದು ಘೋಷಿಸಲಾಗಿದೆ. ಆದರೆ 2014ರ ಡಿಸೆಂಬರ್‌ನಲ್ಲಿ ಪುಣೆಯ ಕಟ್ಟಡ ನಿರ್ಮಾಣಗಾರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಗೆರೆ ಎಳೆಯಿತು. ಪಾಯಕ್ಕಾಗಿ ಅಗೆದು ಅದೇ ನಿವೇಶನದಲ್ಲಿ ಬಳಸಿದರೆ ಅದು ಗಣಿಗಾರಿಕೆಯಲ್ಲ. ಅದನ್ನೇ ಟಿಪ್ಪರ್‌ಗೆ ತುಂಬಿ ಬೈಪಾಸ್ ರಸ್ತೆಯ ಗುತ್ತಿಗೆದಾರನಿಗೆ ಮಾರಿದಿರೋ, ಕಥೆಯೇ ಬೇರೆ. ಹೊಲ ಮಟ್ಟ ಮಾಡುತ್ತೇನೆಂದು ಹೇಳಿ ಗುಡ್ಡವನ್ನೇ ಸಾಗಿಸಿದವರು ಸಿಕ್ಕಿಬೀಳುವುದು ಇಲ್ಲಿಯೇ.

ಗುತ್ತಿಗೆ ಸಿಗುವ ಮೊದಲು ಎಷ್ಟು ಕಚೇರಿ ಸುತ್ತಬೇಕು?

ಚಪ್ಪಲಿ ಸವೆಯುವಷ್ಟು. ಕಂದಾಯ ಇಲಾಖೆಯಿಂದ ಜಮೀನಿನ ಸ್ವರೂಪದ ವರದಿ, ಅರಣ್ಯ ಇಲಾಖೆಯಿಂದ ನಿರಾಕ್ಷೇಪಣಾ ಪತ್ರ, ಗಣಿ ಇಲಾಖೆಯವರ ಸ್ಥಳ ಪರಿಶೀಲನೆ, ಆಮೇಲೆ ಗಣಿ ಯೋಜನೆಗೆ ಅನುಮೋದನೆ, ಪರಿಸರ ಅನುಮತಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ, ಗುತ್ತಿಗೆ ಪತ್ರದ ನೋಂದಣಿ. ಇಷ್ಟರಲ್ಲಿ ಅತಿ ಹೆಚ್ಚು ಅರ್ಜಿಗಳು ಮುಗ್ಗರಿಸುವುದು ಅರಣ್ಯದ ಹಂತದಲ್ಲಿ. ಪಹಣಿಯಲ್ಲಿ 'ಗೋಮಾಳ' ಅಥವಾ 'ಖರಾಬು' ಎಂದಿದ್ದ ಮಾತ್ರಕ್ಕೆ ಅದು ಅರಣ್ಯವಲ್ಲ ಎಂದು ತಿಳಿಯಬೇಡಿ. ಡೀಮ್ಡ್ ಅರಣ್ಯದ, ಅಂದರೆ ಅರಣ್ಯವೆಂದು ಘೋಷಣೆಯಾಗದಿದ್ದರೂ ಅರಣ್ಯವೆಂದೇ ಪರಿಗಣಿಸುವ ನೆಲದ, ಪಟ್ಟಿಯಲ್ಲಿ ಆ ಸರ್ವೆ ನಂಬರ್ ಕೂತಿದ್ದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಡಿ ಕೇಂದ್ರದ ಪೂರ್ವಾನುಮತಿ ಇಲ್ಲದೆ ಒಂದು ಹಾರೆ ಏಟೂ ಹಾಕುವಂತಿಲ್ಲ.

ನನ್ನದು ಎರಡೇ ಎಕರೆ ಕ್ವಾರಿ. ಇದಕ್ಕೂ ಪರಿಸರ ಅನುಮತಿಯೇ?

ಹೌದು. ಮೊದಲು ಐದು ಹೆಕ್ಟೇರಿಗಿಂತ ಚಿಕ್ಕದಕ್ಕೆ ಬೇಕಿರಲಿಲ್ಲ. ಆಗ ಜನ ಏನು ಮಾಡಿದರು? ದೊಡ್ಡ ಗುಡ್ಡವನ್ನು ನಾಲ್ಕೂಮುಕ್ಕಾಲು ಹೆಕ್ಟೇರಿನ ತುಂಡುಗಳನ್ನಾಗಿ ಕೊಯ್ದು ಹೆಂಡತಿ, ಮೈದುನ, ಭಾವನ ಹೆಸರಿನಲ್ಲಿ ಗುತ್ತಿಗೆ ಪಡೆದರು. 2012ರ ಫೆಬ್ರವರಿ 27ರಂದು ಹರಿಯಾಣದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಈ ಬಾಗಿಲನ್ನು ಮುಚ್ಚಿತು. ಅಲ್ಲಿಂದೀಚೆಗೆ ಉಪಖನಿಜದ ಚಿಕ್ಕ ಗುತ್ತಿಗೆಗೂ ಪರಿಸರ ಅನುಮತಿ ಕಡ್ಡಾಯ. ಅಕ್ಕಪಕ್ಕದ ಗುತ್ತಿಗೆಗಳ ನಡುವೆ 500 ಮೀಟರ್‌ಗಿಂತ ಕಡಿಮೆ ಅಂತರವಿದ್ದರೆ ಅವನ್ನೆಲ್ಲ ಒಂದು ಗುಂಪಾಗಿ ಪರಿಗಣಿಸಿ ಪರಿಣಾಮ ಅಳೆಯುತ್ತಾರೆ.

ಅನುಮತಿ ಪತ್ರ ಕೈಗೆ ಬಂದ ದಿನ ಸಿಹಿ ಹಂಚುವವರು ಅದರ ಹಿಂದಿನ ಪುಟಗಳನ್ನು ಓದುವುದಿಲ್ಲ. ನಿಜವಾದ ವಿಷಯ ಇರುವುದೇ ಅಲ್ಲಿ. ವರ್ಷಕ್ಕೆ ಇಷ್ಟೇ ಟನ್, ದಾರಿಗೆ ನೀರು ಚಿಮುಕಿಸಬೇಕು, ಇಷ್ಟು ಗಿಡ ನೆಡಬೇಕು ಎಂಬ ಷರತ್ತುಗಳ ಸಾಲು. ಅವುಗಳನ್ನು ಪಾಲಿಸಿದ ವರದಿಯನ್ನು ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಸಲ್ಲಿಸಬೇಕು. ಹಳ್ಳಿಯವರಿಗೆ ಒಂದು ಗುಟ್ಟು ಹೇಳುತ್ತೇನೆ. ಮಾಹಿತಿ ಹಕ್ಕಿನಲ್ಲಿ ಮೊದಲು ಈ ಎರಡು ಕಾಗದಗಳನ್ನೇ ಕೇಳಿ. 'ಸಾವಿರ ಸಸಿ ನೆಟ್ಟಿದ್ದೇವೆ' ಎಂಬ ವರದಿ ಹಿಡಿದು ಜಾಗಕ್ಕೆ ಹೋಗಿ ನಿಂತರೆ ಅರ್ಧ ತಕರಾರು ಅರ್ಜಿ ತಾನಾಗಿಯೇ ಬರೆದಂತಾಗುತ್ತದೆ.

ಗಡಿಕಲ್ಲಿನ ಬಗ್ಗೆ ಇಷ್ಟೊಂದು ರಂಪ ಏಕೆ? ನಾಲ್ಕು ಅಡಿ ಆಚೀಚೆ ಆದರೆ ಏನಾಯಿತು?

ಬಳ್ಳಾರಿಯಲ್ಲಿ ಆಗಿದ್ದೇ ಅದು. ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಗುತ್ತಿಗೆ ಎಂಬುದು ನಕ್ಷೆಯ ಮೇಲಿನ ಒಂದು ಬಹುಭುಜ. ಅದರ ಪ್ರತಿ ಮೂಲೆಗೂ ಅಕ್ಷಾಂಶ, ರೇಖಾಂಶ ಇರುತ್ತದೆ. ಆ ಮೂಲೆಯಲ್ಲಿ ನೆಲದ ಮೇಲೆ ಒಂದು ಕಂಬ ನಿಲ್ಲಿಸಿ, ಸುಣ್ಣ ಬಳಿದು, ಅಂಕಿ ಬರೆದು, ಗುತ್ತಿಗೆ ಮುಗಿಯುವವರೆಗೂ ಕಾಪಾಡುವುದು ಗುತ್ತಿಗೆದಾರನ ಹೊಣೆ. ಗಡಿಯಿಂದ ಒಳಕ್ಕೆ 7.5 ಮೀಟರ್ ಅಗಲದ ಪಟ್ಟಿಯನ್ನು ಸುತ್ತಲೂ ಅಗೆಯದೆ ಬಿಡಬೇಕು. ಕ್ವಾರಿಗೆ ಕಾಲಿಟ್ಟ ಕೂಡಲೇ ನಾನು ನೋಡುವುದು ಈ ಪಟ್ಟಿಯನ್ನು. ಒಮ್ಮೆ ಒಬ್ಬರ ಕ್ವಾರಿಯಲ್ಲಿ ನಾಲ್ಕನೇ ನಂಬರಿನ ಕಂಬ ಎಲ್ಲಿ ಎಂದು ಕೇಳಿದೆ. ಮೇಸ್ತ್ರಿ ಬಗ್ಗಿ ನೋಡಿ, ಕೈಯನ್ನು ಗಾಳಿಯಲ್ಲಿ ಆಡಿಸಿ, 'ಅಲ್ಲೇ ಇತ್ತು ಸಾರ್' ಎಂದ. ಅವನು ತೋರಿಸಿದ ಜಾಗದಲ್ಲಿ ನೆಲವೇ ಇರಲಿಲ್ಲ, ಎಪ್ಪತ್ತು ಅಡಿ ಆಳದ ಗುಂಡಿಯ ಮೇಲಿನ ಬರಿಯ ಗಾಳಿ ಇತ್ತು.

ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಅದಿರು ಗಣಿಗಳಲ್ಲಿ ಇದೇ ಗಾಳಿ ಸಾವಿರಾರು ಕೋಟಿ ಬೆಲೆ ಬಾಳಿತು. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ, ಅಕ್ರಮ ಗಣಿಗಾರಿಕೆ ಕುರಿತ ಅಂತಿಮ ವರದಿ ಸರ್ಕಾರದ ಕೈ ಸೇರಿದ್ದು 2011ರ ಜುಲೈ 27ರಂದು. ಎರಡೇ ದಿನಗಳಲ್ಲಿ, ಸಮಾಜ ಪರಿವರ್ತನ ಸಮುದಾಯ ಎಂಬ ಸಂಸ್ಥೆ ಹೂಡಿದ್ದ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಆಗಸ್ಟ್ 26ರಂದು ಉಳಿದೆರಡು ಜಿಲ್ಲೆಗಳದ್ದೂ ನಿಂತಿತು. ಆಮೇಲೆ ಜಂಟಿ ತಂಡ ಇಳಿದು ಒಂದೊಂದು ಗುತ್ತಿಗೆಯನ್ನೂ ಅಳೆಯಿತು. ಗಡಿ ಮೀರಿರದ, ಅಥವಾ ಲೆಕ್ಕಕ್ಕೆ ಬಾರದಷ್ಟು ಮೀರಿದ ಗಣಿ 'ಎ' ವರ್ಗ. ಗಡಿಯಾಚೆ ಅಗೆದ ಗುಂಡಿ ಗುತ್ತಿಗೆ ವಿಸ್ತೀರ್ಣದ ಶೇ 10ರ ಒಳಗೆ, ಸುರಿದ ತ್ಯಾಜ್ಯ ಮಣ್ಣು ಶೇ 15ರ ಒಳಗೆ ಇದ್ದರೆ 'ಬಿ' ವರ್ಗ. ಅದಕ್ಕೂ ಮೀರಿದ್ದು 'ಸಿ'. 2013ರ ಏಪ್ರಿಲ್ 18ರ ತೀರ್ಪಿನಲ್ಲಿ 'ಸಿ' ವರ್ಗದ ಗುತ್ತಿಗೆಗಳು ರದ್ದಾದವು. 'ಬಿ' ವರ್ಗದವರು ಗಡಿಯಾಚೆಯ ಗುಂಡಿಗೆ ಹೆಕ್ಟೇರಿಗೆ 5 ಕೋಟಿ, ಮಣ್ಣಿನ ರಾಶಿಗೆ ಹೆಕ್ಟೇರಿಗೆ 1 ಕೋಟಿ ರೂಪಾಯಿ ತೆತ್ತು, ಕೆಡಿಸಿದ ನೆಲದ ಪುನಶ್ಚೇತನಕ್ಕೆ ಒಪ್ಪಿದ ಮೇಲೆಯೇ ಮತ್ತೆ ಗಣಿಗೆ ಇಳಿದದ್ದು. ನಾಲ್ಕು ಅಡಿಯ ಬೆಲೆ ಏನು ಎಂದು ಈಗ ನೀವೇ ಲೆಕ್ಕ ಹಾಕಿ.

ಪರ್ಮಿಟ್ ಇದ್ದರೂ ನನ್ನ ಟಿಪ್ಪರ್ ಹಿಡಿದರು. ಇದು ಅನ್ಯಾಯವಲ್ಲವೇ?

ಪರ್ಮಿಟ್ ತೋರಿಸಿ, ನೋಡೋಣ. ಹೀಗೆ ಕೇಳಿದಾಗ ಹತ್ತರಲ್ಲಿ ಏಳು ಜನ ಮೊಬೈಲ್‌ನಲ್ಲಿ ಒಂದು ಮಸುಕು ಫೋಟೊ ತೋರಿಸುತ್ತಾರೆ.

ಗುತ್ತಿಗೆ ಬೇರೆ, ಖನಿಜ ಸಾಗಣೆ ಪರವಾನಗಿ ಬೇರೆ. ಗುತ್ತಿಗೆ ಅಗೆಯಲು, ಪರ್ಮಿಟ್ ಸಾಗಿಸಲು. ಪರವಾನಗಿ ಇಲ್ಲದೆ ಖನಿಜ ಸಾಗಿಸುವುದು, ದಾಸ್ತಾನು ಮಾಡುವುದು ಎರಡೂ 1957ರ ಕಾಯ್ದೆಯ 4(1ಎ) ಕಲಮಿನಡಿ ಅಪರಾಧ. ಈಗ ಇಲಾಖೆಯ ಐಎಲ್‌ಎಂಎಸ್ ತಂತ್ರಾಂಶದಲ್ಲಿ ರಾಜಧನ ಮುಂಗಡ ಕಟ್ಟಿ ಪರ್ಮಿಟ್ ಪಡೆಯಬೇಕು. ಅದರಲ್ಲಿ ವಾಹನದ ಸಂಖ್ಯೆ, ಹೊರಟ ಜಾಗ, ಸೇರುವ ಜಾಗ, ತೂಕ, ಎಷ್ಟು ಗಂಟೆಯವರೆಗೆ ಊರ್ಜಿತ ಎಂಬುದೆಲ್ಲ ಇರುತ್ತದೆ. ಇಷ್ಟರಲ್ಲಿ ಒಂದು ತಪ್ಪಿದರೂ ಆ ಕಾಗದ ಬರಿ ಕಾಗದ.

ಸಾಮಾನ್ಯವಾಗಿ ಸಿಕ್ಕಿಬೀಳುವ ಬಗೆಗಳು ಹೀಗಿವೆ. ಪರ್ಮಿಟ್‌ನಲ್ಲಿ ಹದಿನಾರು ಟನ್, ವೇ ಬ್ರಿಡ್ಜ್ ಮೇಲೆ ನಿಲ್ಲಿಸಿದರೆ ಇಪ್ಪತ್ತೆರಡು. ಬೆಳಿಗ್ಗೆ ಆರಕ್ಕೆ ಪಡೆದ ಒಂದೇ ಪರ್ಮಿಟ್‌ನಲ್ಲಿ ಮಧ್ಯಾಹ್ನದೊಳಗೆ ಮೂರು ಟ್ರಿಪ್. ಮಾಗಡಿ ಕಡೆಗೆ ಪರ್ಮಿಟ್, ಲಾರಿ ಇರುವುದು ಹೊಸೂರು ರಸ್ತೆಯಲ್ಲಿ. ಜಿಪಿಎಸ್ ಪೆಟ್ಟಿಗೆಯ ತಂತಿ 'ಇಲಿ ಕಚ್ಚಿತು'. ಈ ಇಲಿ ನಮ್ಮ ಜಿಲ್ಲೆಯ ಲಾರಿಗಳಲ್ಲಿ ಬಹಳ ಓಡಾಡುತ್ತದೆ. ಟೈರ್ ಪಂಕ್ಚರ್ ಆಗಿ ನಿಜವಾಗಿಯೂ ತಡವಾದವರೂ ಇದ್ದಾರೆ. ಅಂಥವರು ಅವಧಿ ಮುಗಿಯುವ ಮೊದಲೇ ಗುತ್ತಿಗೆದಾರರ ಮೂಲಕ ಇಲಾಖೆಗೆ ತಿಳಿಸಿ, ಪಂಕ್ಚರ್ ಅಂಗಡಿಯ ರಸೀದಿಯನ್ನೂ ಜಾಗದ ಫೋಟೊವನ್ನೂ ಇಟ್ಟುಕೊಂಡರೆ ಹೇಳಿಕೊಳ್ಳಲು ಒಂದು ದಾರಿ ಇರುತ್ತದೆ.

ಇಷ್ಟು ಕಟ್ಟುನಿಟ್ಟು ಏಕೆಂದು ಕೇಳುವವರಿಗೆ ಬೇಲೆಕೇರಿಯನ್ನು ನೆನಪಿಸುತ್ತೇನೆ. 2010ರಲ್ಲಿ ಅಂಕೋಲಾ ತಾಲ್ಲೂಕಿನ ಆ ಬಂದರಿನಲ್ಲಿ ಮುಟ್ಟುಗೋಲು ಹಾಕಿಕೊಂಡಿದ್ದ ಲಕ್ಷಗಟ್ಟಲೆ ಟನ್ ಅದಿರು, ಕಾವಲಿನಲ್ಲಿದ್ದಾಗಲೇ ಹಡಗು ಹತ್ತಿತ್ತು.

ಮನೆ ಕಟ್ಟಲು ಎರಡು ಲೋಡ್ ಜಲ್ಲಿ ತರಿಸಿದೆ. ಮಾರಿದವರು ಪರ್ಮಿಟ್ ಕೊಡಲಿಲ್ಲ. ನನಗೂ ತೊಂದರೆ ಇದೆಯೇ?

ಬರಬಹುದು. ಲೋಡ್ ಇಳಿಸುವ ಮೊದಲು ಪರ್ಮಿಟ್ ಪ್ರತಿ ಕೇಳಿ ಪಡೆಯಿರಿ, ಬಿಲ್ಲಿನ ಜೊತೆ ಇಡಿ. ಸರ್ಕಾರಿ ಕಾಮಗಾರಿಯ ಗುತ್ತಿಗೆದಾರರಾದರೆ ಇನ್ನೂ ಎಚ್ಚರ ಬೇಕು. ಬಳಸಿದ ಕಲ್ಲು, ಮರಳಿಗೆ ರಾಜಧನ ಕಟ್ಟಿದ ದಾಖಲೆ ತೋರಿಸದಿದ್ದರೆ ಬಿಲ್ ಪಾವತಿಯಲ್ಲೇ ಆ ಮೊತ್ತ ಹಿಡಿದುಕೊಳ್ಳುತ್ತಾರೆ.

ರಾಜಧನ ಕಟ್ಟಿಬಿಟ್ಟರೆ ಎಲ್ಲ ಬಾಕಿ ತೀರಿತಲ್ಲವೇ?

ಇಲ್ಲ. ಕಬ್ಬಿಣದ ಅದಿರಿನ ರಾಜಧನ ಸರಾಸರಿ ಮಾರಾಟ ಬೆಲೆಯ ಶೇ 15. ಅದರ ಮೇಲೆ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕಟ್ಟಬೇಕು. 2015ಕ್ಕೆ ಮುಂಚಿನ ಗುತ್ತಿಗೆಗಾದರೆ ರಾಜಧನದ ಶೇ 30, ಹರಾಜಿನಲ್ಲಿ ಪಡೆದ ಗುತ್ತಿಗೆಗಾದರೆ ಶೇ 10. ಹರಾಜಿನ ಗುತ್ತಿಗೆಯಾದರೆ ಕೂಗಿದ ಪ್ರೀಮಿಯಂ, ಅಂದರೆ ಖನಿಜದ ಬೆಲೆಯಲ್ಲಿ ಸರ್ಕಾರಕ್ಕೆ ಕೊಡಲು ಒಪ್ಪಿದ ಪಾಲು ಬೇರೆ. 2020ರಲ್ಲಿ ಒಡಿಶಾದಲ್ಲಿ ಬೆಲೆಯ ಶೇ 100ನ್ನು ದಾಟಿ ಕೂಗಿದವರೂ ಇದ್ದರು. ಗೆದ್ದವರು ಗುಂಡಿ ತೋಡಿದರೋ ಗುಂಡಿಗೆ ಬಿದ್ದರೋ ಅವರವರೇ ಬಲ್ಲರು. ಉತ್ಪಾದನೆ ಇಲ್ಲದ ವರ್ಷಕ್ಕೂ ನಿಗದಿತ ಬಾಡಿಗೆ ತಪ್ಪುವುದಿಲ್ಲ. 2024ರ ಜುಲೈ 25ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ರಾಜಧನ ತೆರಿಗೆಯಲ್ಲ, ರಾಜ್ಯಗಳು ಖನಿಜ ಭೂಮಿಯ ಮೇಲೆ ತೆರಿಗೆ ಹಾಕಬಹುದು ಎಂದು ಬಹುಮತದಿಂದ ಹೇಳಿತು. ಅಲ್ಲಿಗೆ ಇನ್ನೊಂದು ಬಾಗಿಲು ತೆರೆಯಿತು.

ಜಿಲ್ಲಾ ಖನಿಜ ಪ್ರತಿಷ್ಠಾನದ ಹಣ ಗಣಿಬಾಧಿತ ಊರುಗಳ ಕುಡಿಯುವ ನೀರು, ಆಸ್ಪತ್ರೆ, ಶಾಲೆಗಳಿಗೆ ಮೀಸಲು. ಧೂಳು ಒಂದೂರಿಗೆ, ಕಾಂಕ್ರೀಟ್ ರಸ್ತೆ ಇನ್ನೊಂದೂರಿಗೆ ಆಗಿದ್ದರೆ ಪ್ರತಿಷ್ಠಾನದ ವಾರ್ಷಿಕ ಯೋಜನೆಯ ಪ್ರತಿ ಕೇಳಿ ಪಡೆಯಿರಿ.

ಸಿಡಿಮದ್ದು ಯಾರು ಬೇಕಾದರೂ ಇಡಬಹುದೇ?

ಖಂಡಿತ ಇಲ್ಲ. 2008ರ ಸ್ಫೋಟಕ ನಿಯಮಗಳಡಿ ಪರವಾನಗಿ ಇರುವ ಮಳಿಗೆಯಿಂದಲೇ ಸ್ಫೋಟಕ ಬರಬೇಕು, ಅರ್ಹತಾಪತ್ರ ಇರುವ ಬ್ಲಾಸ್ಟರ್ ಮಾತ್ರ ತೂತಿಗೆ ತುಂಬಿ ಸಿಡಿಸಬೇಕು, ಸೈರನ್ ಕೂಗಿಸಿ ದಾರಿ ಕಾಯಬೇಕು, ಸಿಡಿಯದೆ ಉಳಿದ ತೂತುಗಳ ಲೆಕ್ಕ ಬರೆಯಬೇಕು. ಮದ್ದನ್ನು ಮನಸ್ಸಿಗೆ ಬಂದ ವಾಹನದಲ್ಲಿ, ಮನಸ್ಸಿಗೆ ಬಂದ ಹೊತ್ತಿನಲ್ಲಿ ಸಾಗಿಸಿದರೆ ಏನಾಗುತ್ತದೆಂದು 2021 ತೋರಿಸಿತು. ಜನವರಿ 21ರ ರಾತ್ರಿ ಶಿವಮೊಗ್ಗದ ಬಳಿಯ ಹುಣಸೋಡಿನಲ್ಲಿ ಸ್ಫೋಟಕ ತುಂಬಿದ ವಾಹನ ಸಿಡಿದು ಅಲ್ಲಿದ್ದವರು ಸತ್ತರು. ಸದ್ದು ಪಕ್ಕದ ಜಿಲ್ಲೆಗಳಿಗೂ ಕೇಳಿ ಜನ ಭೂಕಂಪವೆಂದು ಬೀದಿಗೆ ಬಂದಿದ್ದರು. ಒಂದು ತಿಂಗಳು ಕಳೆಯಿತು, ಅಷ್ಟೇ. ಫೆಬ್ರವರಿ 23ರಂದು ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಆರು ಜನ.

ಮಂಡ್ಯದವರು ಕೇಳುವ ಪ್ರಶ್ನೆಗೂ ಇಲ್ಲೇ ಉತ್ತರ: ಕೆಆರ್‌ಎಸ್ ಅಣೆಕಟ್ಟಿನ ಸುತ್ತ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆ ನಡೆಸದಂತೆ ಹೈಕೋರ್ಟ್ 2024ರ ಜನವರಿಯಲ್ಲಿ ತಡೆ ಹಾಕಿತು. ಹತ್ತಿರದ ಬೇಬಿಬೆಟ್ಟದ ಕ್ವಾರಿಗಳ ಸಿಡಿತದಿಂದ ಅಣೆಕಟ್ಟಿಗೆ ಧಕ್ಕೆಯಾಗುವ ಆತಂಕ ಅದಕ್ಕೆ ಕಾರಣ.

ಹದಿನೇಳು ವರ್ಷದ ಹುಡುಗ, ಗಟ್ಟಿಮುಟ್ಟಾಗಿದ್ದಾನೆ. ಕೆಲಸಕ್ಕೆ ಇಟ್ಟುಕೊಳ್ಳಬಹುದೇ?

ಕೂಡದು. ಹದಿನೆಂಟು ತುಂಬಿರಲೇಬೇಕು.

ಗ್ರಾಮಸಭೆ 'ಕ್ವಾರಿ ಬೇಡ' ಎಂದು ಠರಾವು ಮಾಡಿದರೆ ನಿಲ್ಲುತ್ತದೆಯೇ?

ಠರಾವಿನಿಂದಷ್ಟೇ ನಿಲ್ಲುವುದಿಲ್ಲ. ಗ್ರಾಮಸಭೆಗೆ ವಿಶೇಷ ಅಧಿಕಾರ ಇರುವುದು ಸಂವಿಧಾನದ ಐದನೇ ಅನುಸೂಚಿಗೆ ಸೇರಿದ ಬುಡಕಟ್ಟು ಪ್ರದೇಶಗಳಲ್ಲಿ, ಕರ್ನಾಟಕದ ಯಾವ ಪ್ರದೇಶವೂ ಅದರಲ್ಲಿ ಇಲ್ಲ. ಆದರೂ ಠರಾವು ವ್ಯರ್ಥವಲ್ಲ. ಜಿಲ್ಲಾಧಿಕಾರಿಗೆ, ಪರಿಸರ ಪ್ರಾಧಿಕಾರಕ್ಕೆ ಹೋಗುವ ತಕರಾರಿಗೆ ಅದು ಬೆನ್ನೆಲುಬು. ಸಾರ್ವಜನಿಕ ಅಹವಾಲು ಸಭೆ ನಡೆಯಬೇಕಾದ ದೊಡ್ಡ ಗಣಿಯಾದರೆ ಮಾಲಿನ್ಯ ನಿಯಂತ್ರಣ ಮಂಡಳಿ 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಆ ಸಭೆಯಲ್ಲಿ ಕೂಗಾಡುವುದಕ್ಕಿಂತ, ಕೊಳವೆಬಾವಿಗಳ ಸರ್ವೆ ನಂಬರ್, ಶಾಲೆಯ ದೂರ, ಹಳ್ಳದ ಹರಿವಿನ ದಿಕ್ಕು ಬರೆದ ಕಾಗದ ಕೊಟ್ಟು ಸ್ವೀಕೃತಿ ಪಡೆಯುವುದು ಮೇಲು. ಕೂಗು ನಡಾವಳಿಯಲ್ಲಿ ದಾಖಲಾಗುವುದಿಲ್ಲ, ಕಾಗದ ದಾಖಲಾಗುತ್ತದೆ.

ಅಕ್ರಮಕ್ಕೆ ಶಿಕ್ಷೆ ಏನು?

ಕಾಯ್ದೆಯ 21ನೇ ಕಲಂ ಪ್ರಕಾರ ಐದು ವರ್ಷದವರೆಗೆ ಸೆರೆ, ಹೆಕ್ಟೇರಿಗೆ 5 ಲಕ್ಷ ರೂಪಾಯಿವರೆಗೆ ದಂಡ, ವಾಹನ ಮತ್ತು ಯಂತ್ರಗಳ ಜಪ್ತಿ, ತೆಗೆದ ಖನಿಜದ ಪೂರ್ತಿ ಬೆಲೆ ವಸೂಲಿ. ಪರಿಸರ ಅನುಮತಿ ಇಲ್ಲದೆ ಅಥವಾ ಅದರ ಮಿತಿ ಮೀರಿ ತೆಗೆದದ್ದಕ್ಕೂ ಪೂರ್ತಿ ಬೆಲೆ ಕಕ್ಕಬೇಕು ಎಂದು 2017ರ ಆಗಸ್ಟ್ 2ರಂದು ಒಡಿಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಈ ಕಾಯ್ದೆಯಡಿ ನ್ಯಾಯಾಲಯಕ್ಕೆ ದೂರು ಕೊಡಬೇಕಾದವರು ಅಧಿಕೃತ ಅಧಿಕಾರಿಯೇ. ಆದರೆ ಸರ್ಕಾರಿ ನೆಲದ ಕಲ್ಲು, ಮರಳು ಕದ್ದರೆ ಪೊಲೀಸರು ಕಳ್ಳತನದ ಪ್ರಕರಣ ದಾಖಲಿಸಬಹುದು. 'ಇದು ಗಣಿ ಇಲಾಖೆಯ ವಿಷಯ, ನಮ್ಮದಲ್ಲ' ಎಂದು ಠಾಣೆಯಿಂದ ಸಾಗಹಾಕಲು ಬಂದರೆ 2014ರ ಸುಪ್ರೀಂ ಕೋರ್ಟ್ ತೀರ್ಪಿನಿಂದೀಚೆಗೆ ಅದು ಪೂರ್ತಿ ಸರಿಯಾದ ಉತ್ತರವಲ್ಲ.

ಗುತ್ತಿಗೆ ಮುಗಿಯಿತು. ಗುಂಡಿಯನ್ನು ಹಾಗೇ ಬಿಟ್ಟು ಹೋಗಬಹುದೇ?

ಹಾಗೇ ಬಿಟ್ಟು ಹೋದವರೇ ಹೆಚ್ಚು. ಕಾನೂನು ಮಾತ್ರ ಹಾಗೆ ಹೇಳುವುದಿಲ್ಲ. ಗಣಿ ಯೋಜನೆಯಲ್ಲೇ ಮುಚ್ಚುವ ಯೋಜನೆಯೂ ಸೇರಿರುತ್ತದೆ: ಮೇಲ್ಮಣ್ಣನ್ನು ಬೇರೆಯಾಗಿ ರಾಶಿ ಹಾಕಿ ಕಾಪಾಡುವುದು, ಅಂಚಿಗೆ ಬೇಲಿ, ಇಳಿಜಾರು ಮಾಡುವುದು, ಗಿಡ. 2020ರ ಜನವರಿ 8ರಂದು ಸುಪ್ರೀಂ ಕೋರ್ಟ್ ಇದಕ್ಕೆ ಇನ್ನೊಂದು ಷರತ್ತು ಸೇರಿಸಿತು. ಗಣಿಗಾರಿಕೆ ಮುಗಿದ ಮೇಲೆ ಕೆಟ್ಟ ನೆಲದಲ್ಲಿ ಮತ್ತೆ ಹುಲ್ಲು ಬೆಳೆಸಿ, ಮೇವು ಬೆಳೆಯುವ ಸ್ಥಿತಿಗೆ ತರಬೇಕು, ಖರ್ಚು ಗುತ್ತಿಗೆದಾರನದು. ನನಗೆ ಕಾನೂನಿನ ಪುಟಗಳಲ್ಲಿ ಅಪರೂಪಕ್ಕೆ ಇಷ್ಟವಾದ ಸಾಲು ಇದು. ನಮ್ಮ ಎಷ್ಟೋ ಕ್ವಾರಿಗಳು ಮೊದಲು ಗೋಮಾಳವೇ ಆಗಿದ್ದವು. ಬೇಸಿಗೆಯಲ್ಲಿ ಆ ಗುಂಡಿಗಳಿಗೆ ಈಜಲು ಇಳಿಯುವ ಹುಡುಗರನ್ನು ತಡೆಯಲು ಒಂದು ಸಾಲು ತಂತಿಬೇಲಿಯಾದರೂ ಬೇಕೆಂದು ಬರೆದ ಅರ್ಜಿಗಳ ಲೆಕ್ಕ ನನಗೇ ತಪ್ಪಿದೆ.

ಧೂಳಿನಿಂದ ಬೆಳೆ ಹಾಳಾಗಿದೆ, ಗೋಡೆ ಬಿರುಕು ಬಿಟ್ಟಿದೆ. ಎಲ್ಲಿಗೆ, ಹೇಗೆ ಬರೆಯಬೇಕು?

'ಧೂಳಿನಿಂದ ತುಂಬಾ ತೊಂದರೆಯಾಗುತ್ತಿದೆ, ದಯವಿಟ್ಟು ಕ್ರಮ ಕೈಗೊಳ್ಳಿ' ಎಂದು ಬರೆದರೆ ಅದು ಕಡತದೊಳಗೆ ಸುಖವಾಗಿ ನಿದ್ದೆ ಮಾಡುತ್ತದೆ. ಹೀಗೆ ಬರೆಯಿರಿ: ಯಾವ ಊರು, ಕ್ವಾರಿಯ ಸರ್ವೆ ನಂಬರ್, ನಿಮ್ಮ ಜಮೀನಿನ ಸರ್ವೆ ನಂಬರ್, ಎರಡರ ನಡುವಿನ ದೂರ, ಯಾವ ದಿನ ಎಷ್ಟು ಗಂಟೆಗೆ ಸಿಡಿಸಿದರು, ರಾತ್ರಿ ಕ್ರಷರ್ ಓಡಿದರೆ ಎಷ್ಟರಿಂದ ಎಷ್ಟರವರೆಗೆ. ಹತ್ತು ದಿನ ಒಂದು ನೋಟ್‌ಬುಕ್‌ನಲ್ಲಿ ಗುರುತು ಹಾಕಿಕೊಂಡರೆ ಸಾಕು. ಮೆಣಸಿನ ಗಿಡದ ಎಲೆಯನ್ನು ಬೆರಳಿನಿಂದ ಒರೆಸಿ, ಅರ್ಧ ಬಿಳಿ ಅರ್ಧ ಹಸಿರು ಕಾಣುವಂತೆ ತೆಗೆದ ಒಂದು ಫೋಟೊ ನಾಲ್ಕು ಪುಟದ ವರ್ಣನೆಗಿಂತ ಹೆಚ್ಚು ಮಾತಾಡುತ್ತದೆ. ಬಿರುಕಿನ ಎರಡು ತುದಿಗೂ ಪೆನ್ಸಿಲ್‌ನಿಂದ ಗೆರೆ ಎಳೆದು ತಾರೀಕು ಬರೆದಿಡಿ. ಮುಂದಿನ ತಿಂಗಳು ಬಿರುಕು ಗೆರೆ ದಾಟಿದ್ದರೆ ಅದೇ ಸಾಕ್ಷಿ.

ಒಂದೇ ಅರ್ಜಿಯನ್ನು ಜಿಲ್ಲೆಯ ಗಣಿ ಇಲಾಖೆಯ ಹಿರಿಯ ಭೂವಿಜ್ಞಾನಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಪರಿಸರ ಅಧಿಕಾರಿ, ತಹಶೀಲ್ದಾರ್ ಈ ಮೂವರಿಗೂ ಕೊಡಿ. ಮೂರು ಕಡೆಯೂ ಮೊಹರು ಹಾಕಿಸಿಕೊಳ್ಳಿ. ಸಿಡಿತದ ದೂರಾದರೆ ಗಣಿ ಸುರಕ್ಷತಾ ಮಹಾನಿರ್ದೇಶನಾಲಯಕ್ಕೂ ಒಂದು ಪ್ರತಿ ಹೋಗಲಿ. ಇಲ್ಲಿ ಎಲ್ಲೂ ಕೆಲಸವಾಗದಿದ್ದರೆ ಚೆನ್ನೈಯಲ್ಲಿರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠವಿದೆ. ಆದರೆ ಗಡುವು ನೆನಪಿರಲಿ. ತೊಂದರೆ ಮೊದಲಾದ ಆರು ತಿಂಗಳೊಳಗೆ ಹೋಗಬೇಕು, ಸಕಾರಣವಿದ್ದರೆ ಇನ್ನು 60 ದಿನ ಸಿಗಬಹುದು. ಪರಿಹಾರ ಕೇಳುವ ಅರ್ಜಿಗೆ ಐದು ವರ್ಷ. ಪರಿಸರ ಅನುಮತಿಯನ್ನೇ ಪ್ರಶ್ನಿಸುವುದಾದರೆ ಬರಿ 30 ದಿನ, ಮೇಲೆ ಹೆಚ್ಚೆಂದರೆ 60. ನನ್ನ ಬಳಿ ಬರುವವರಲ್ಲಿ ಬಹುಪಾಲು ಜನ ಬರುವುದು ಎರಡನೇ ವರ್ಷದ ಮಳೆಗಾಲದಲ್ಲಿ, ಗೋಡೆ ಬಿದ್ದ ಮೇಲೆ. ಮೊದಲ ಬಿರುಕು ಕಂಡ ವಾರವೇ ಬನ್ನಿ, ಪೆನ್ಸಿಲ್ ಗೆರೆಯ ಫೋಟೊ ತನ್ನಿ.